ಹೊಳೆಯ ನೀರಿನ ಹಲ್ಲು

ನನ್ನ ಹಲ್ಲುಗಳು ಕಂದು ಬಣ್ಣದವು. ಚಹಾ ಕುಡಿದು ಆದದ್ದಲ್ಲ, ಎಲೆ ಅಡಿಕೆ ತಿಂದು ಆದದ್ದೂ ಅಲ್ಲ, ಹುಟ್ಟಿದ ಊರಿನ ನೀರು ಕುಡಿದು ಆದದ್ದು. ನಾಲತವಾಡದ ಕಡೆಯ ನಮ್ಮೂರಿನಲ್ಲಿ ನನ್ನ ಓರಗೆಯವರ ಬಾಯಿ ತೆರೆಸಿ ನೋಡಿದರೆ ಎಲ್ಲರದೂ ಹೀಗೇ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಅಂಚಿನಲ್ಲಿ ಸುಣ್ಣದಂಥ ಬಿಳಿ ಚುಕ್ಕೆ. ಕೃಷ್ಣಾ ಹೊಳೆ ನಮಗೆ ಬಹಳ ದೂರವೇನಲ್ಲ, ಆದರೆ ನಮ್ಮ ಕೊಡಕ್ಕೆ ಬೀಳುತ್ತಿದ್ದದ್ದು ಬೋರಿನ ನೀರು. ಅದರಲ್ಲಿ ಫ್ಲೋರೈಡ್ ಇದೆ ಎಂದು ಯಾರೋ ಬಂದು ಪರೀಕ್ಷೆ ಮಾಡಿದರು, ಕುಡಿಯಬಾರದೆಂದು ಕೈಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಬೇರೆ ಪಂಪು ಇರಲಿಲ್ಲ. ಕೆಂಪು ಪಂಪಿನ ನೀರನ್ನೇ ಕುಡಿದು ದೊಡ್ಡವರಾದೆವು.

ಈಗ ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತೇನೆ. ಕೊಟ್ಟ ಮನೆ ಇದೇ ಊರು. ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುವುದೂ ನನ್ನ ಕೆಲಸವೇ. ಬ್ರಶ್ಶು ಹಿಡಿದು ನಾನು ಬಾಯಿ ತೆರೆದರೆ ಸಾಕು, ಯಾವುದಾದರೂ ಒಂದು ಕೂಸು ಕೇಳಿಯೇ ಕೇಳುತ್ತದೆ.

"ಅಕ್ಕೋರ, ನೀವು ದಿನಾ ತಿಕ್ಕೂದಿಲ್ಲೇನ್ರಿ?"

"ತಿಕ್ಕತೇನಿ. ಇದು ಹೋಗೂದಿಲ್ಲ. ನೀ ಮದ್ಲ ನಿನ್ನ ಹಲ್ಲ ತಿಕ್ಕು."

ಇದರಲ್ಲಿ ನನಗೆ ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ನಾಚಿಕೆಯನ್ನು ನನ್ನ ಪಾಲಿಗೂ ಸೇರಿಸಿ ಅವ್ವನೇ ಪಟ್ಟು ಮುಗಿಸಿದ್ದಾಳೆ. ನನ್ನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಕಂದಾಗಿ ಬಂದಾಗ ಅವಳು ಬೂದಿ ಹಾಕಿ ತಿಕ್ಕಿದಳು, ಉಪ್ಪು ಹಾಕಿ ತಿಕ್ಕಿದಳು, ಕೊನೆಗೆ ಇಟ್ಟಿಗೆ ಪುಡಿಯಿಂದ ತಿಕ್ಕಿದಳು. ವಸಡಿನಿಂದ ರಕ್ತ ಬಂತೇ ಹೊರತು ಕಂದು ಹೋಗಲಿಲ್ಲ. ಆಗ ನನ್ನ ತಂಗಿ ಇನ್ನೂ ಅವ್ವನ ಮೊಲೆಹಾಲು ಕುಡಿಯುವ ಕೂಸು. ಅವ್ವ ಒಮ್ಮೆ ನನ್ನ ಬಾಯಿ ನೋಡುವಳು, ಒಮ್ಮೆ ಅದರ ಬೊಚ್ಚುಬಾಯಿ ನೋಡುವಳು.

ನಮ್ಮೂರಿನಲ್ಲಿ ಆಗ ಒಂದು ರೂಢಿ ಇತ್ತು. ಹೊಳೆಸಾಲಿನ ಊರುಗಳಲ್ಲಿ ನೆಂಟರಿದ್ದವರು ಹೆಣ್ಣು ಕೂಸನ್ನು ಹಾಲು ಬಿಡಿಸಿದ ಕೂಡಲೇ ಅಲ್ಲಿಗೆ ಕಳಿಸಿಬಿಡುತ್ತಿದ್ದರು. ಹೊಸ ಹಲ್ಲು ಬರುವವರೆಗೆ ಅದು ಹೊಳೆಯ ನೀರು ಕುಡಿದು ಬೆಳೆಯಬೇಕು, ಆಮೇಲೆ ಯಾವ ನೀರು ಕುಡಿದರೂ ಚಿಂತೆಯಿಲ್ಲ. ಇದಕ್ಕೆ 'ಹಲ್ಲಿಗೆ ಬಿಡೂದು' ಎನ್ನುತ್ತಿದ್ದರು. "ನಿಮ್ಮ ಸಣ್ಣಾಕಿ ಕಾಣವಲ್ಲಳಲ್ಲ?" ಎಂದು ಕೇಳಿದರೆ "ಹಲ್ಲಿಗೆ ಬಿಟ್ಟೇವ್ರಿ" ಎಂಬ ಉತ್ತರ ಬರುತ್ತಿತ್ತು, ಸಾಲಿಗೆ ಬಿಟ್ಟೇವ್ರಿ ಅಂದಷ್ಟೇ ಸಲೀಸಾಗಿ. ಗಂಡು ಹುಡುಗರನ್ನು ಮಾತ್ರ ಯಾರೂ ಬಿಡುತ್ತಿರಲಿಲ್ಲ. ಗಂಡಿನ ಹಲ್ಲು ಯಾರು ನೋಡುತ್ತಾರೆ?

ಅವ್ವನ ತವರು ಇಂಡಿ ತಾಲ್ಲೂಕಿನ ಅಗರಖೇಡ, ಭೀಮಾ ಹೊಳೆಯ ದಂಡೆ. ತಂಗಿಯನ್ನು ಅಲ್ಲಿಗೆ ಬಿಡುವುದೆಂದು ಆಯಿತು. ಆಯಿ, ಎಂದರೆ ಅಜ್ಜಿ, ಅವ್ವನ ಅವ್ವ, ತಾನೇ ಬಂದು ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹೊರಟಳು. ಮುದ್ದೇಬಿಹಾಳದ ಬಸ್ಸು ಹತ್ತುವಾಗ ತಂಗಿ ಅವ್ವನ ಸೆರಗು ಬಿಡದೆ ಚೀರುತ್ತಿದ್ದಳು. ಅವ್ವ ಸೆರಗನ್ನು ಜಗ್ಗಿ ಬಿಡಿಸಿಕೊಂಡು ತಿರುಗಿ ನೋಡದೆ ಮನೆಗೆ ಬಂದಳು. ಅವಳಿಗೆ ಹಾಲು ಇನ್ನೂ ಬತ್ತಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ಕುಳಿತು ಎದೆ ಹಿಂಡಿಕೊಂಡು ಅಳುತ್ತಿದ್ದುದನ್ನು ನಾನು ನೋಡಿದ್ದೇನೆ. ಹಲ್ಲಿಗೋಸ್ಕರ ಎಂದು ಈಗ ಹೇಳಿದರೆ ಯಾರಾದರೂ ನಕ್ಕಾರು, ಆದರೆ ಅವಳು ಹೊಟ್ಟೆ ಕಟ್ಟಿ ಅಲ್ಲ, ಹೊಟ್ಟೆಯಲ್ಲಿ ಹುಟ್ಟಿದ್ದನ್ನೇ ಬಿಟ್ಟು ಆ ಹಲ್ಲುಗಳನ್ನು ಗಳಿಸಿದಳು.

ಬೇಸಿಗೆ ರಜೆಯಲ್ಲಿ ನಾವು ಅಗರಖೇಡಕ್ಕೆ ಹೋಗುತ್ತಿದ್ದೆವು. ತಂಗಿ ಆಯಿಯನ್ನು ಅವ್ವಾ ಎಂದು ಕರೆಯುತ್ತಿದ್ದಳು. ನಮ್ಮ ಅವ್ವನಿಗೆ ಅವಳಿಟ್ಟ ಹೆಸರು 'ಮುದ್ದೇಬಿಹಾಳದಾಕಿ'. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು, ಆಮೇಲೆ ಏನೋ ನೆಪ ಹುಡುಕಿ ಹಿತ್ತಲಿಗೆ ಹೋಗುತ್ತಿದ್ದಳು.

ಆಯಿ ಮಶೇರಿ ಹಚ್ಚುತ್ತಿದ್ದಳು. ತಂಬಾಕನ್ನು ರೊಟ್ಟಿ ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುವ ಕರಿ ಪುಡಿ ಅದು. ನಮ್ಮ ಕಡೆಯ ಮುದುಕಿಯರಿಗೆಲ್ಲ ಅದೇ ಹಲ್ಲುಪುಡಿ. ಬೆಳಿಗ್ಗೆ ಎದ್ದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತೋರುಬೆರಳಿನಿಂದ ವಸಡಿಗೆ ತಿಕ್ಕುತ್ತಾ ಕುಳಿತರೆ ಅರ್ಧ ತಾಸು ಜಗತ್ತಿನ ಗೊಡವೆಯಿಲ್ಲ. ಹುರಿಯುವ ದಿನ ಮನೆ ತುಂಬ ಘಾಟು, ಎಲ್ಲರಿಗೂ ಸೀನು. ಹಲ್ಲು ಗಟ್ಟಿಯಾಗುತ್ತವೆ ಎನ್ನುತ್ತಿದ್ದಳು ಆಯಿ. ಅವಳ ಬಾಯಲ್ಲಿ ಹಲ್ಲೆಷ್ಟು ಉಳಿದಿವೆ ಎಂದು ನಾವು ಯಾರೂ ನೋಡಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು, ಹಾಗೇ ರುಚಿ ಎನ್ನುತ್ತಿದ್ದಳು, ನಾವು ನಂಬಿದ್ದೆವು.

ಒಂದು ರಜೆಯಲ್ಲಿ ತಂಗಿಗೆ ದವಡೆ ನೋವು ಬಂತು. ಹಾಲುಹಲ್ಲು ಹುಳುಕಾಗಿತ್ತು. ಅತ್ತಿಂದಿತ್ತ ತಿರುಗುವವರೆಲ್ಲ ಅವಳ ಕೈಗೊಂದು ಬೆಲ್ಲದ ಚೂರು ಇಡುತ್ತಿದ್ದರಲ್ಲ, ತಾಯಿ ಬಿಟ್ಟ ಕೂಸು ಎಂದು. ಗಲ್ಲ ಹಿಡಿದುಕೊಂಡು ಅಳುತ್ತಿದ್ದವಳನ್ನು ಆಯಿ ತೊಡೆಯ ಮೇಲೆ ಎಳೆದುಕೊಂಡಳು. ಡಬ್ಬಿ ತೆಗೆದು, ಒಂದು ಚಿಟಿಕೆ ಪುಡಿಯನ್ನು ಬೆರಳಿಗೆ ಹಚ್ಚಿ, ಆ ಹಲ್ಲಿಗೆ ಒತ್ತಿದಳು.

"ಈಗ ನೋಡು, ನೋವು ಹೆಂಗ ಓಡಿ ಹೋಗ್ತೈತಿ."

ತಂಗಿಗೆ ತಲೆ ತಿರುಗಿ ವಾಂತಿಯಾಯಿತು. ಆಮೇಲೆ ನೋವು ನಿಜವಾಗಿಯೂ ಹೋಯಿತು. ಮರುದಿನ ಬೆಳಿಗ್ಗೆ ಅವಳೂ ಒಲೆಯ ಮುಂದೆ ಆಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೆರಳು ಮುಂದೆ ಚಾಚಿದಳು. ಆಯಿ ಒಂದು ಚಿಟಿಕೆ ಹಾಕಿದಳು. ಅದು ತಪ್ಪೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ಕೂಸು ದಿನಾ ಹಲ್ಲುಜ್ಜಲು ಕಲಿಯಿತೆಂದು ಸಂತೋಷಪಟ್ಟರು.

ಹೊಸ ಹಲ್ಲುಗಳೆಲ್ಲ ಬಂದ ಮೇಲೆ ತಂಗಿ ಮನೆಗೆ ಬಂದಳು. ಏನು ಹಲ್ಲು ಅವು! ಹಾಲು ಬಿಳುಪು, ಸಾಲು ಒಂದಿಷ್ಟೂ ತಪ್ಪಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವ್ವ ಅವಳನ್ನು ಮನೆಮನೆಗೆ ಕರೆದುಕೊಂಡು ಹೋಗಿ "ಹಲ್ಲ ತೋರ್ಸವ್ವಾ" ಎನ್ನುತ್ತಿದ್ದಳು. ಅವಳ ಲಂಗದ ಕಿಸೆಯಲ್ಲಿ ಮುಲಾಮಿನ ಹಳೇ ಡಬ್ಬಿಯೊಂದು ಇತ್ತು. ಅವ್ವ ತೆಗೆದು ಮೂಸಿ ನೋಡಿದಳು. "ಆಯಿ ಬುದ್ಧಿನೂ ಕಟಗೊಂಡು ಬಂದಾಳ ನೋಡ" ಎಂದು ನಕ್ಕು ಅಲ್ಲೇ ವಾಪಸು ಇಟ್ಟಳು.

ಹೆಣ್ಣು ನೋಡುವ ಶಾಸ್ತ್ರ ಬಂದಾಗ ಅವ್ವನ ಲೆಕ್ಕ ಸರಿಯಾಗಿಯೇ ಇತ್ತು ಎನ್ನಿಸಿತು. ನನ್ನನ್ನು ನೋಡಲು ಬಂದವರು ಹೆಸರು ಕೇಳಲಿಲ್ಲ, ಅಡಿಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಒಬ್ಬ ಹೆಂಗಸು ಶೇಂಗಾ ಕಾಳು ಕೈಗಿಟ್ಟು "ತಿನ್ನವ್ವಾ, ನಾಚಬ್ಯಾಡ" ಎಂದಳು. ನಾನು ತಿಂದೆ. ಅವರು ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ನನ್ನನ್ನು ಕೊಟ್ಟದ್ದು ನನ್ನಷ್ಟೇ ಕಂದು ಹಲ್ಲಿನ ಗಂಡಸಿಗೆ. ಈ ಊರಿನ ನೀರೂ ಅದೇ ತರಹದ್ದು. ಮದುವೆಯ ಫೋಟೋದಲ್ಲಿ ನಾವಿಬ್ಬರೂ ಬಾಯಿ ಬಿಗಿದು ಜಗಳವಾಡಿದವರಂತೆ ನಿಂತಿದ್ದೇವೆ. ತಂಗಿಗೆ ಹಾಗಾಗಲಿಲ್ಲ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವರು ಬಂದು ನೋಡಿದರು, ಅವಳು ಒಮ್ಮೆ ನಕ್ಕಳು, ಅಲ್ಲೇ ಹೂಂ ಅಂದು ಎದ್ದರು. ಅವ್ವ ಅಂದು ರಾತ್ರಿ ನನಗೆ, "ನಿನ್ನೂ ಬಿಡಬೇಕಿತ್ತವ್ವಾ, ನನಗ ತಿಳಿಲಿಲ್ಲ" ಎಂದಳು.

ಮುಂದೆ ಅವರವರ ಸಂಸಾರ. ತಂಗಿಗೆ ಇಬ್ಬರು ಗಂಡುಮಕ್ಕಳಾದರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರ ಬಂದಳು. ತಂಗಿ ಹಬ್ಬಕ್ಕೆ ಬಂದಾಗ ಬೆಳಿಗ್ಗೆ ಜಗುಲಿಯ ಮೇಲೆ ಕುಳಿತು ಮಶೇರಿ ತಿಕ್ಕುತ್ತಿದ್ದಳು. ನಾನು ಬೈಯುತ್ತಿದ್ದೆ. ಅಂಗನವಾಡಿ ತರಬೇತಿಯಲ್ಲಿ ತಂಬಾಕಿನ ಬಗ್ಗೆ ಹೇಳಿದ್ದನ್ನೆಲ್ಲ ಅವಳ ಮುಂದೆ ಒಪ್ಪಿಸುತ್ತಿದ್ದೆ. ಅವಳು ಬಾಯಿ ತುಂಬ ಕರಿ ಉಗುಳು ತುಂಬಿಕೊಂಡು ಕೈಸನ್ನೆಯಲ್ಲೇ, ಮಾತಾಡಿಸಬೇಡ ಎನ್ನುತ್ತಿದ್ದಳು. ಉಗುಳಿ ಬಂದು ಬಿಳಿ ಹಲ್ಲು ತೋರಿಸಿ ನಗುತ್ತಿದ್ದಳು.

"ಯಕ್ಕಾ, ನೀ ಎಂದೂ ಮಶೇರಿ ಹಚ್ಚಿಲ್ಲ, ನಿನ್ನ ಹಲ್ಲ ನೋಡ್ಕೊ. ನನ್ನವು ನೋಡು. ಯಾರಿಗೆ ಹೇಳಾಕತ್ತಿ?"



ನಲವತ್ತರ ಹೊತ್ತಿಗೆ ಅವಳ ಹಲ್ಲು ಅಲುಗಾಡತೊಡಗಿದವು. ಮೊದಲು ಹಸಿ ಉಳ್ಳಾಗಡ್ಡಿ ಬಿಟ್ಟಳು. ಆಮೇಲೆ ಹಕ್ಕರಕಿ ಸೊಪ್ಪು, ಸೌತೆಕಾಯಿ. ಕಡಕ್ ರೊಟ್ಟಿ ಹೋಗಿ ಬಿಸಿರೊಟ್ಟಿ ಬಂತು, ಅದೂ ಹೋಗಿ ಚಹಾದಲ್ಲಿ ಅದ್ದಿದ ಬಿಸ್ಕೀಟು ಬಂತು. ದಿನಕ್ಕೆ ನಾಲ್ಕಾರು ಸಲ ಸಕ್ಕರೆ ಸುರಿದ ಚಹಾ, ಅದರ ಜೊತೆ ಬಿಸ್ಕೀಟು, ಇಷ್ಟೇ ಊಟ. ಮೈಯಲ್ಲಿ ಕಸುವು ಇಲ್ಲ. ಹೊಲಕ್ಕೆ ಹೋದರೆ ಬದುವಿನ ಮೇಲೆ ಕುಳಿತುಬಿಡುತ್ತಿದ್ದಳು. ನಾನೇ ಹೋಗಿ ಕೈಹಿಡಿದು ಎಳೆದುಕೊಂಡು ಸರ್ಕಾರಿ ದವಾಖಾನೆಗೆ ಕರೆದೊಯ್ದೆ.

ಹಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಮೈಸೂರಿನ ಕಡೆಯ ಮಾತು. ಚೀಟಿ ಮಾಡಿಸಿದ್ದಷ್ಟೇ ಖರ್ಚು. ಅವಸರ ಮಾಡದೆ ನೋಡಿದರು, ಹಲ್ಲಿನ ಬುಡದ ಕರಿ ಪಾಚಿಯನ್ನು ಕೆರೆದು ತೆಗೆದರು, ಕನ್ನಡಿ ಹಿಡಿದು ತಂಗಿಗೇ ತೋರಿಸಿದರು.

"ನೋಡಿ ಅಮ್ಮ, ಹಲ್ಲಿಗೆ ಏನೂ ಆಗಿಲ್ಲ. ಬಹಳ ಒಳ್ಳೆಯ ಹಲ್ಲು. ಆದರೆ ಅದನ್ನು ಹಿಡಿದುಕೊಂಡಿರುವ ವಸಡೇ ಹೋಗುತ್ತಾ ಇದೆ. ಆ ಪುಡಿ ಬಿಟ್ಟರೆ ಹಿಂದಿನವು ಕೆಲವು ಉಳಿಯಬಹುದು. ಬಿಡದಿದ್ದರೆ ಒಂದೂ ಉಳಿಯೋದಿಲ್ಲ."

ಹಾಲು ಮೊಸರು ತಿನ್ನಿ, ಸೊಪ್ಪು ಬೇಯಿಸಿ ತಿನ್ನಿ, ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ, ರಾತ್ರಿಯೂ ಹಲ್ಲುಜ್ಜಿ ಎಂದರು. ತಂಗಿ ಎಲ್ಲಕ್ಕೂ "ಹೌದ್ರಿ ಮೇಡಮ್ಮೋರ" ಎನ್ನುತ್ತಿದ್ದಳು. ಬಸ್‌ಸ್ಟ್ಯಾಂಡಿಗೆ ಬಂದು ಕುಳಿತವಳು ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದಳು. ನಾನು ಕಸಿದುಕೊಂಡೆ. "ನನ್ನ ಮನಿಗೆ ನಡಿ" ಎಂದೆ. "ಈ ಹಲ್ಲ ಉಳಸೇ ನಿನ್ನ ಕಳಸ್ತೇನಿ."

ಬಂದಳು, ಅದೂ ತಕರಾರಿಲ್ಲದೆ. ಅವಳಿಗೂ ಆ ಹಲ್ಲು ಬೇಕಾಗಿದ್ದವು. ಹುಟ್ಟಿದಾಗಿನಿಂದ ಅವಳಿಗೆ ಸಿಕ್ಕ ಬೆಲೆಯೆಲ್ಲ ಆ ಹಲ್ಲುಗಳಿಂದಲೇ ಸಿಕ್ಕದ್ದು.

ಮೊದಮೊದಲು ಪರವಾಗಿಲ್ಲ ಅನ್ನಿಸಿತು. ಬೇಳೆ ಹಾಕಿ ಸೊಪ್ಪು ಬೇಯಿಸಿ ಕೊಟ್ಟೆ, ಎಳ್ಳಿನ ಚಟ್ನಿ ನುಣ್ಣಗೆ ಕುಟ್ಟಿಕೊಟ್ಟೆ, ಗಟ್ಟಿ ಮೊಸರು ಇಟ್ಟೆ. ತಿಂದಳು. ಬ್ರಶ್ಶನ್ನು ಅಂಗನವಾಡಿ ಮಕ್ಕಳಿಗಿಂತ ಚೆನ್ನಾಗಿ ಹಿಡಿದಳು. ಆದರೆ ಅವಳಿಗೆ ಹೊಟ್ಟೆ ಕಟ್ಟಿತು, ತಲೆ ಸಿಡಿಯತೊಡಗಿತು, ನಿದ್ದೆ ಹಾರಿತು. ಸಣ್ಣದಕ್ಕೂ ಸಿಡುಕು, ಆಮೇಲೆ ಮೂಲೆಯಲ್ಲಿ ಕುಳಿತು ಅಳು. ಅವ್ವ ಬಂದು ಅವಳ ತಲೆ ಸವರುತ್ತಾ ನನ್ನತ್ತ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಮಗಳನ್ನು ನಾನು ಹಿಂಸೆ ಮಾಡುತ್ತಿದ್ದೇನೆ ಎಂಬಂತೆ.

ಒಂದು ಮಧ್ಯಾಹ್ನ ಅಂಗನವಾಡಿ ಮುಗಿಸಿ ಬರುವಾಗ ಓಣಿಯ ತಿರುವಿನಲ್ಲೇ ನನಗೆ ಸೀನು ಬಂತು. ಅಗರಖೇಡದ ಘಾಟು. ಓಡಿ ಬಂದು ನೋಡಿದರೆ ತಂಗಿ ನನ್ನ ರೊಟ್ಟಿ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದಳು. ನನ್ನ ಗಂಡ ಸುಣ್ಣ ಹಚ್ಚಿ ತಿನ್ನಲು ಇಟ್ಟುಕೊಂಡಿದ್ದ ತಂಬಾಕಿನ ಚೀಲ ಪಕ್ಕದಲ್ಲಿ ಬಾಯಿ ಬಿಚ್ಚಿ ಬಿದ್ದಿತ್ತು. ಹಂಚನ್ನು ಎತ್ತಿ ಅಂಗಳಕ್ಕೆ ಬಿಸಾಡಿದೆ. ನನ್ನ ಕೈ ಸುಟ್ಟಿತು. ತಂಗಿ ಅಂಗಳಕ್ಕೆ ಹೋಗಿ ಮಣ್ಣಿನಲ್ಲಿ ಬಿದ್ದ ಪುಡಿಯನ್ನು ಬೆರಳಿನಿಂದ ಆರಿಸತೊಡಗಿದಳು.

"ಏನ ಮಾಡಾಕತ್ತಿ? ಖಬರ ಐತೇನ ನಿನಗ?"

"ಯಕ್ಕಾ, ಊಟ ಬಿಡ ಅನ್ನು, ಬಿಡ್ತೇನಿ. ಇದ ಬಿಡಾಕ ಆಗೂದಿಲ್ಲ. ನಾ ಸಣ್ಣಾಕಿದ್ದಾಗ ಇದ ಒಂದ ಇತ್ತ ನನ್ನ ಕೂಡ."

ಮರುದಿನ ಕನ್ನೊಳ್ಳಿಗೆ ಹೋದಳು. ನಾನು ಬಸ್ಸಿನವರೆಗೂ ಹೋಗಲಿಲ್ಲ. ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಸೋತಿದ್ದೆ.

ಆಮೇಲೆ ಹಲ್ಲುಗಳು ಒಂದೊಂದಾಗಿ ಹೋದವು. ಒಂದು ತುತ್ತಿನೊಳಗೆ ಬಂತು, ಒಂದು ಮಲಗಿ ಎದ್ದಾಗ ದಿಂಬಿನ ಮೇಲಿತ್ತು. ಉಳಿದವನ್ನು ಅದೇ ಡಾಕ್ಟರು ಕಿತ್ತರು. ಕಿತ್ತ ಹಲ್ಲುಗಳನ್ನು ನೋಡಿದೆ, ಇಡಿಯಾಗಿ, ಬೆಳ್ಳಗೆ, ಬೇರಿನವರೆಗೆ ಒಂದು ಹುಳುಕಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಬಂತು, ಆದರೆ ಕೆಳಗಿನ ವಸಡು ತೀರ ಸವೆದಿದ್ದರಿಂದ ಅದು ಬಾಯಲ್ಲಿ ನಿಲ್ಲುವುದಿಲ್ಲ. ಮದುವೆ ಮುಂಜಿಗೆ ಹಾಕಿಕೊಳ್ಳುತ್ತಾಳೆ, ಊಟಕ್ಕೆ ಕುಳಿತಾಗ ತೆಗೆದು ಕರವಸ್ತ್ರದಲ್ಲಿ ಸುತ್ತಿಡುತ್ತಾಳೆ. ಕೆಳತುಟಿಯ ಒಳಗೆ, ಪುಡಿ ಇಡುವ ಜಾಗದಲ್ಲಿ, ಬಿಳಿ ಕಲೆಯೊಂದು ಆಗಿದೆ. ಅದನ್ನು ವಿಜಯಪುರಕ್ಕೆ ಹೋಗಿ ಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಬಿತ್ತಿಗೆ ಮುಗಿಯಲಿ ಎಂದಳು. ಮಗನ ಲಗ್ನ ಆಗಲಿ ಎಂದಳು. ನೋವೇ ಇಲ್ಲ, ಮತ್ತ್ಯಾಕ ಹೋಗೂದು ಎಂದಳು. ಫೋನು ಮಾಡಿದಾಗಲೆಲ್ಲ ನಾನು ಅದನ್ನೇ ಕೇಳುತ್ತೇನೆಂದು ಈಗ ಫೋನೇ ಎತ್ತುವುದಿಲ್ಲ. ಮಶೇರಿಯ ಮಾತೆತ್ತಿದರೆ ಅವಳ ಉತ್ತರ ತಯಾರಿದೆ.

"ಹಲ್ಲ ಹೋದ್ವು. ಇನ್ನ ಯಾಕ ಬಿಡ್ಲಿ?"

ನಾನು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳಿಗೆ ಹೆಣ್ಣುಮಕ್ಕಳಿಲ್ಲ. ಸೊಸೆ ಆ ಪುಡಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಾಳೆ. ಆಯಿಯಿಂದ ಬಂದದ್ದು ಅವಳ ಕೂಡ ಮುಗಿಯುತ್ತದೆ, ಅಷ್ಟಾದರೂ ಆಗಲಿ.

ಈ ಸಲದ ಎಳ್ಳ ಅಮಾವಾಸ್ಯೆಗೆ ತಂಗಿ ನಮ್ಮಲ್ಲಿಗೆ ಬಂದಿದ್ದಳು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಜೋಳದ ಬೆಳೆಯ ಪಕ್ಕದಲ್ಲಿ ಊಟಕ್ಕೆ ಕುಳಿತೆವು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಅವ್ವನೂ ತಂಗಿಯೂ ಒಂದೇ ತಟ್ಟೆಯಲ್ಲಿ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಕಲಸುತ್ತಿದ್ದರು. ನಾನು ರೊಟ್ಟಿ ಕಡಿದಾಗ ಕಟ್ಟೆಂದು ಸದ್ದಾಯಿತು. ಇಬ್ಬರೂ ನನ್ನ ಬಾಯಿ ನೋಡಿದರು. ನನ್ನ ಕಂದು ಹಲ್ಲುಗಳು ಒಂದೂ ಅಲುಗಿಲ್ಲ. ನಾನೂ ನನ್ನ ರೊಟ್ಟಿಯನ್ನು ಮೊಸರಿಗೆ ಹಾಕಿದೆ.

ನನ್ನ ಮಗನ ಮಗಳು ನಮ್ಮ ಮನೆಯಲ್ಲೇ ಇರುತ್ತಾಳೆ. ಈಗಷ್ಟೇ ಹಾಲುಹಲ್ಲು ಬೀಳುತ್ತಿರುವ ವಯಸ್ಸು. ನನ್ನನ್ನು ಆಯಿ ಎನ್ನುತ್ತಾಳೆ, ತಂಗಿಯನ್ನು ಸಣ್ಣಾಯಿ. ಹೋಳಿಗೆ ತಿನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಗಲ್ಲ ಹಿಡಿದು ಚೀರತೊಡಗಿದಳು. ಹುಳುಕು ಹಲ್ಲಿಗೆ ಬೆಲ್ಲ ಸಿಕ್ಕಿತ್ತು. ಅಂಗಡಿಯ ಚಾಕಲೇಟು ಬೇಡವೆಂದು ಊರ ಮಕ್ಕಳಿಗೆಲ್ಲ ಹೇಳುವ ನಾನು ನನ್ನ ಮನೆಯಲ್ಲಿ ಗೆದ್ದಿಲ್ಲ. ಬಾಯಿ ಮುಕ್ಕಳಿಸಲು ನೀರು ತರೋಣವೆಂದು ಬಂಡಿಯ ಹತ್ತಿರ ಹೋದೆ. ತಂಬಿಗೆ ತುಂಬಿಕೊಂಡು ತಿರುಗುವಷ್ಟರಲ್ಲಿ ಅಳು ನಿಂತಿತ್ತು.

ಕೂಸು ತಂಗಿಯ ತೊಡೆಯ ಮೇಲೆ ಬಾಯಿ ತೆರೆದು ಮಲಗಿತ್ತು. ತಂಗಿಯ ಬೆರಳು ಅದರ ಬಾಯಿಯೊಳಗಿತ್ತು.

"ಈಗ ನೋಡು, ನೋವು ಹೆಂಗ ಓಡಿ ಹೋಗ್ತೈತಿ."

ನಾನು ಕೂಸನ್ನು ಕಿತ್ತುಕೊಂಡು ಬಾಯಿಗೆ ನೀರು ಸುರಿದು ಬೆರಳು ಹಾಕಿ ಉಜ್ಜಿ ತೊಳೆದೆ. ಅದು ಕೆಮ್ಮಿತು, ವಾಂತಿ ಮಾಡಿತು. ಬಾಯಿಗೆ ಬಂದಂತೆ ತಂಗಿಯನ್ನು ಬೈದೆ. ಅವಳು ಕರಿ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಕಣ್ಣಲ್ಲಿ ನೀರು.

"ನಾ ಏನ ವಿಷಾ ಕೊಟ್ಟೇನೇನು? ಕೂಸು ಅಳಾಕತ್ತಿತ್ತು, ನೋಡಾಕ ಆಗಲಿಲ್ಲ."

ಅವ್ವ ನನ್ನ ಮೇಲೆ ರೇಗಿದಳು. "ಚಿಟಿಕಿ ಪುಡಿಗೆ ಏನಾಗ್ತೈತಿ? ನಿನ್ನ ತಂಗಿ ಸಣ್ಣಾಕಿದ್ದಾಗಿಂದ ಹಚ್ಚಾಕತ್ತಾಳ. ಆಕಿ ಹಲ್ಲ ಎಷ್ಟ ಚಂದ ಇದ್ವು."

ಎಂಬತ್ತು ಸಮೀಪಿಸಿದವಳಿಗೆ, ನೀನು ಎದೆಹಾಲು ಹಿಂಡಿ ಚೆಲ್ಲಿ ಗಳಿಸಿದ ಹಲ್ಲುಗಳನ್ನು ತಿಂದದ್ದು ನಿನ್ನ ತವರಿನ ಈ ಪುಡಿಯೇ ಎಂದು ಹೇಗೆ ಹೇಳಲಿ? ಯಾರದೋ ಕಣ್ಣು ಬಿದ್ದು ಹೋದವು ಎಂದು ಅವಳು ನಂಬಿದ್ದಾಳೆ, ಆ ನಂಬಿಕೆಯಲ್ಲೇ ಹೋಗಲಿ.

ಮರುದಿನ ತಂಗಿ ಮೊದಲ ಬಸ್ಸಿಗೆ ಹೊರಟುಹೋದಳು. ಅವಳ ಡಬ್ಬಿ ಅವಳ ಜೊತೆಗೇ ಹೋಯಿತೇ ಎಂದು ಮನೆಯೆಲ್ಲ ಹುಡುಕಿ ಖಾತ್ರಿ ಮಾಡಿಕೊಂಡೆ. ಆಮೇಲೆ ಮೊಮ್ಮಗಳನ್ನು ಬಚ್ಚಲ ಕಟ್ಟೆಯ ಮೇಲೆ ಕೂರಿಸಿ ಬ್ರಶ್ಶಿಗೆ ಪೇಸ್ಟು ಹಚ್ಚಿದೆ. ಬಾಯಿ ತೆರೆ ಎಂದೆ. ತೆರೆದಳು. ಮುಂದೆ ಹೊಸ ಹಲ್ಲು ಅರ್ಧ ಮೂಡಿತ್ತು, ಅದರ ಮೇಲೆ ಕಂದು ಗೆರೆ ಆಗಲೇ ಕಾಣುತ್ತಿತ್ತು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗಲೆಲ್ಲ ನಾವು ಬೋರಿನ ನೀರನ್ನೇ ಕುಡಿದಿದ್ದೇವೆ. ಬಿಡಲು ನಮಗೀಗ ಹೊಳೆಯ ದಂಡೆಯಲ್ಲಿ ಯಾರೂ ಇಲ್ಲ, ಇದ್ದರೂ ಬಿಡುವ ಎದೆ ನನಗಿಲ್ಲ.

ಬ್ರಶ್ಶನ್ನು ಹತ್ತಿರ ತಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ತನ್ನ ಸಣ್ಣ ತೋರುಬೆರಳನ್ನು ನನ್ನ ಮುಂದೆ ಚಾಚಿದಳು.

"ಆಯೀ, ಇದು ಬ್ಯಾಡ. ಸಣ್ಣಾಯಿದು ಕರೀ ಪುಡಿ ಕೊಡು."